ಬಿಸಿಲು, ಸೈಕಲ್ಲು ಮತ್ತು ತತ್ರಾಣಿ

ಶಿವರಾತ್ರಿಗೆ ಚಳಿ 'ಶಿವ ಶಿವಾ' ಎಂದು ಹೋಗುತ್ತದೆ ಎನ್ನುವ ಮಾತು ಕನ್ನಡ ನಾಡಿನಲ್ಲೆಲ್ಲ ಉಂಟು. ನಮ್ಮ ಘಟಪ್ರಭಾ ಸೀಮೆಯಲ್ಲಿ ಅದು ಹೋಗುವಾಗ ಬಾಗಿಲು ಹಾಕಿಕೊಂಡು ಹೋಗುವುದಿಲ್ಲ. ಅದೇ ಬಾಗಿಲಿನಿಂದ ಬಿಸಿಲು ಒಳಗೆ ಬಂದು ಕೂತುಬಿಡುತ್ತದೆ. ಹೋಳಿ ಹುಣ್ಣಿಮೆ ಮುಗಿಯುವಷ್ಟರಲ್ಲಿ, ಮಳೆಗಾಲದಲ್ಲಿ 52 ಮೀಟರ್ ಎತ್ತರದಿಂದ ಕೆಂಪಗೆ ಧುಮುಕುವ ಗೋಕಾಕ ಫಾಲ್ಸು ನೂಲಿನ ಎಳೆಯಷ್ಟಾಗಿ ಬರಿಯ ಬಂಡೆ ಕಾಣತೊಡಗುತ್ತದೆ. ಹುಕ್ಕೇರಿಯ ಗುಮ್ಮಟಗಳ ಕಲ್ಲು ಸಂಜೆ ದೀಪ ಹಚ್ಚುವ ಹೊತ್ತಿಗೂ ಬೆಚ್ಚಗೇ ಇರುತ್ತದೆ. ಮೂಡಲಗಿಯ ಎರೆಹೊಲ ಬಾಯಿ ಬಿಡುತ್ತದೆ. ಇಂಥ ಬಿಸಿಲಿನಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳು ಸೈಕಲ್ ತುಳಿದು ಸಾಲಿಗೆ, ಕಾಲೇಜಿಗೆ, ಕೆಲಸಕ್ಕೆ ಹೋದ ಕಥೆಯೊಂದಿದೆ. ಅದು ದೊಡ್ಡ ಚರಿತ್ರೆಯಲ್ಲ. ಆದರೆ ಅದರಲ್ಲಿ ಬಿಸಿಲು ಒಮ್ಮೆ ನಿಜವಾದ ಅಪಾಯವಾಗಿಯೂ ಒಮ್ಮೆ ಬರಿಯ ನೆಪವಾಗಿಯೂ ಬರುತ್ತದೆ. ಈ ಎರಡನ್ನೂ ಬೇರೆ ಮಾಡಿ ನೋಡಬೇಕೆಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿತ್ತು.

ಸರಕಾರದ ಲೆಕ್ಕದಲ್ಲಿ ಬೆಳಗಾವಿ ಜಿಲ್ಲೆ ತಂಪು. ಪಕ್ಕದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಬೇಸಿಗೆಯ ಎರಡು ತಿಂಗಳು ಕಚೇರಿಗಳು ಮುಂಜಾನೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ರೂಢಿ ಹಳೆಯದು. ನಮಗೆ ಆ ಭಾಗ್ಯವಿರಲಿಲ್ಲ. ಬೆಳಗಾವಿ ಪಟ್ಟಣ ತಂಪೇ, ಒಪ್ಪೋಣ. ಆದರೆ ಮೂಡಲಗಿ ದಾಟಿ ಒಂದಿಷ್ಟು ದೂರ ಹೋದರೆ ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರ. ಅಲ್ಲಿನ ಸೂರ್ಯ ಜಿಲ್ಲೆಯ ಗಡಿಯ ಕಲ್ಲು ನೋಡಿ ನಿಲ್ಲುತ್ತಾನೆಯೆ?

ಸೈಕಲ್ಲು ಮತ್ತು ನಮ್ಮ ಗಿರಣಿ ಒಂದೇ ವಾರಿಗೆಯವು. ಇಂಗ್ಲೆಂಡಿನಲ್ಲಿ ಸ್ಟಾರ್ಲಿ ಎಂಬಾತ ಎರಡೂ ಗಾಲಿ ಸಮನಾಗಿರುವ, ಚೈನಿನಿಂದ ಓಡುವ 'ರೋವರ್' ಸೈಕಲ್ ಮಾಡಿದ್ದು 1885ರಲ್ಲಿ. ಡನ್ಲಪ್ ಗಾಳಿ ತುಂಬುವ ಟೈರು ಮಾಡಿದ್ದು 1888ರಲ್ಲಿ. ಈ ಎರಡರ ನಡುವೆ, 1887ರ ಹೊತ್ತಿಗೆ, ಗೋಕಾಕ ಫಾಲ್ಸಿನಲ್ಲಿ ನೀರಿನ ಬಲದಿಂದ ನೂಲಿನ ಗಿರಣಿ ನಡೆಯತೊಡಗಿತ್ತು. ಮುಂಬೈ ಕಡೆಯಿಂದ ರೈಲು ಘಟಪ್ರಭಾಕ್ಕೆ ಬಂದದ್ದೂ ಅದೇ ಸುಮಾರಿಗೆ. ಮೊದಲ ಸೈಕಲ್ಲುಗಳು ಆ ರೈಲಿನಲ್ಲೇ ಸಾಹೇಬರ ಸಾಮಾನಿನ ಜೊತೆ ಬಂದಿರಬೇಕು. ಸಾಮಾನ್ಯರ ಕೈಗೆ ಸೈಕಲ್ಲು ಎಟುಕಿದ್ದು ಸ್ವಾತಂತ್ರ್ಯ ಬಂದ ಮೇಲೆ. ಮದರಾಸಿನ ಟಿ.ಐ. ಕಂಪನಿ 1949ರಲ್ಲಿ, ಸೋನಿಪತದ ಅಟ್ಲಾಸ್ 1951ರಲ್ಲಿ, ಲುಧಿಯಾನದ ಹೀರೋ 1956ರಲ್ಲಿ ಹುಟ್ಟಿಕೊಂಡವು. ಆಮೇಲೆ ಗಿರಣಿಯ ಭೋಂಗಾ ಕೂಗಿತೆಂದರೆ ಕೊಣ್ಣೂರಿನ ರಸ್ತೆಯ ತುಂಬ ಸೈಕಲ್ಲೇ ಸೈಕಲ್ಲು.

ನಮ್ಮ ಅಪ್ಪ ಆ ಸಾಲಿನಲ್ಲಿದ್ದವರು. ಅವರದು ಹಸಿರು ಬಣ್ಣದ ಹರ್ಕ್ಯುಲಿಸ್. ಎರಡನೆಯ ಪಾಳಿ ಇದ್ದಾಗ ಸುಡುವ ಮಧ್ಯಾಹ್ನವೇ ಹೊರಡಬೇಕು. ಅವ್ವ ಅವರ ರುಮಾಲನ್ನು ನೀರಿನಲ್ಲಿ ಅದ್ದಿ, ಹಿಂಡಿ, ತಲೆಗೆ ಸುತ್ತಲು ಕೊಡುತ್ತಿದ್ದಳು. ಹ್ಯಾಂಡಲಿಗೆ ಒಂದು ತತ್ರಾಣಿ ತೂಗುತ್ತಿತ್ತು. ಪಟ್ಟಣದ ಈಗಿನ ಹೆಣ್ಣುಮಕ್ಕಳಿಗೆ ತತ್ರಾಣಿ ಗೊತ್ತಿರಲಿಕ್ಕಿಲ್ಲ. ಪ್ರಯಾಣಕ್ಕೆಂದೇ ಕುಂಬಾರರು ಮಾಡುತ್ತಿದ್ದ, ಕಿರಿದಾದ ಬಾಯಿಯ ಮಣ್ಣಿನ ನೀರಿನ ಪಾತ್ರೆ ಅದು. ಅದಕ್ಕೆ ಹಸಿ ಗೋಣಿತಟ್ಟು ಸುತ್ತಿದರೆ ದಾರಿಯ ಗಾಳಿ ತಾಗಿದಷ್ಟೂ ನೀರು ತಣ್ಣಗಾಗುತ್ತಿತ್ತು. ಸೈಕಲ್ಲು ಕುಲುಕಿದಾಗೆಲ್ಲ ಅದು ಹ್ಯಾಂಡಲಿಗೆ ಬಡಿದು ಒಡೆಯುವ ಭಯ. ಒಂದು ಬೇಸಿಗೆಗೆ ಎರಡು ಮೂರು ತತ್ರಾಣಿ ಲುಕ್ಸಾನು ಎಂದು ಅವ್ವ ಲೆಕ್ಕ ಹಿಡಿದೇ ಇರುತ್ತಿದ್ದಳು.

ನಾನು ಸೈಕಲ್ ಕಲಿತದ್ದು 1970ರಲ್ಲಿ, ಏಳನೆಯ ಇಯತ್ತೆ ಮುಗಿದ ಸೂಟಿಯಲ್ಲಿ, ತಾಸಿನ ಬಾಡಿಗೆಯ ಸಣ್ಣ ಸೈಕಲ್ಲಿನ ಮೇಲೆ. ಬಿದ್ದದ್ದು, ಮೊಣಕಾಲು ಕೆತ್ತಿದ್ದು ಎಲ್ಲರ ಕಥೆಯೇ, ಅದನ್ನು ಬಿಡುತ್ತೇನೆ. ಮನೆಯಲ್ಲಿ ಎದ್ದ ಮಾತು ಮಾತ್ರ ಹೇಳಬೇಕು. ಅಪ್ಪನ ಅಕ್ಕ, ನಮ್ಮ ಅತ್ತಿ, ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟಳು: "ಹೆಣ್ಣ ಹುಡುಗಿ ಬಿಸಲಾಗ ಸೈಕಲ್ ತುಳದ್ರ ಮೈಯಾಗ ಕಾವ ಏರತೈತಿ. ನಾಳೆ ಮಕ್ಕಳಾಗಲಿಲ್ಲಂದ್ರ ಯಾರ ಜವಾಬ್ದಾರಿ?" ಅದೇ ಅತ್ತಿ ಅದೇ ಬಿಸಿಲಿನಲ್ಲಿ ತನ್ನ ಸೊಸೆಯನ್ನು ಹೊಲಕ್ಕೆ ಬುತ್ತಿ ಹೊರಿಸಿ ಕಳಿಸುತ್ತಿದ್ದಳು. ಬರಿಗಾಲಿನಲ್ಲಿ, ತಲೆಯ ಮೇಲೆ ಬುಟ್ಟಿ, ಬಗಲಲ್ಲಿ ಕೂಸು. ಅದಕ್ಕೆ ಕಾವು ಏರುತ್ತಿರಲಿಲ್ಲವೇನೋ!

ಇದು ನಮ್ಮ ಹಳ್ಳಿಯ ಅಜ್ಞಾನ ಎಂದು ನಾನು ಎಷ್ಟೋ ವರ್ಷ ತಿಳಿದಿದ್ದೆ. ಆಮೇಲೆ ಓದಿದಾಗ ಗೊತ್ತಾಯಿತು: 1890ರ ದಶಕದಲ್ಲಿ ಲಂಡನ್ನಿನಲ್ಲೂ ಇದೇ ಕಟ್ಟೆಯಿತ್ತು, ಅದರ ಮೇಲೆ ಅತ್ತಿಯ ಬದಲು ಡಾಕ್ಟರರು ಕೂತಿದ್ದರು. ಸೈಕಲ್ ತುಳಿದ ಹೆಂಗಸರಿಗೆ ಮುಖ ಬಿಗಿದು, ಕಣ್ಣು ಸಿಡಿದು 'ಸೈಕಲ್ ಮುಖ' ಎಂಬ ರೋಗ ಬರುತ್ತದೆಂದು ಅವರಲ್ಲಿ ಕೆಲವರು ಬರೆದರು. ಗರ್ಭಕೋಶದ ಚಿಂತೆಯೂ ಅವರಿಗೆ ಇತ್ತು. ಅದೇ ಕಾಲದಲ್ಲಿ, 1894ರ ಜೂನಿನಲ್ಲಿ, ಆನಿ ಲಂಡನ್‌ಡೆರಿ ಎಂಬ ಹೆಸರಿಟ್ಟುಕೊಂಡ, ಮೂರು ಮಕ್ಕಳ ತಾಯಿ ಅಮೆರಿಕದ ಬಾಸ್ಟನ್‌ನಿಂದ ಸೈಕಲ್ಲಿನೊಂದಿಗೆ ಜಗತ್ತು ಸುತ್ತಲು ಹೊರಟಳು. ಹೊರಟಾಗ ಉದ್ದ ಲಂಗ. ದಾರಿಯಲ್ಲಿ ಅದನ್ನು ಬಿಟ್ಟು ಸಡಿಲವಾದ ಚಲ್ಲಣದಂಥ ಉಡುಪು ತೊಟ್ಟಳು. ಮರುವರ್ಷದ ಸೆಪ್ಟೆಂಬರಿನಲ್ಲಿ ತಿರುಗಿ ಬಂದಳು. ಮೊದಲು ಉಡುಪು ಬದಲಾಗಬೇಕು, ಆಮೇಲೆ ದಾರಿ ಸಾಗಬೇಕು ಎನ್ನುವುದು ಆಕೆಗೆ ಬೇಗ ತಿಳಿಯಿತು. ನಮ್ಮ ಕಡೆಯ ಕಚ್ಚೆ ಸೀರೆಯ ಹೆಂಗಸರಿಗೆ ಆ ತೊಂದರೆಯೇ ಇರಲಿಲ್ಲ. ಕಚ್ಚೆ ಹಾಕಿದವಳು ಕುದುರೆಯನ್ನೂ ಏರಬಹುದು, ಸೈಕಲ್ಲನ್ನೂ ಏರಬಹುದು, ಏರಗೊಡಬೇಕಷ್ಟೆ.

ಉಡುಪಿನ ಮಾತು ಬಂದದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಬಿಸಿಲಿಗೆ ಸಡಿಲವಾದ, ತೆಳುಬಣ್ಣದ ಅರಳೆಯ ಬಟ್ಟೆಗಿಂತ ಒಳ್ಳೆಯದಿಲ್ಲ. ಮೈ ಮುಚ್ಚಿದಷ್ಟೂ ಒಳ್ಳೆಯದೇ, ಒಳಗೆ ಗಾಳಿ ಆಡಬೇಕು. ಆದರೆ ಓಢಣಿ ಮತ್ತು ಸೆರಗು ಸೈಕಲ್ಲಿನ ಶತ್ರುಗಳು. ಮುಖಕ್ಕೆ ಸುತ್ತಿಕೊಂಡ ಓಢಣಿಯ ಚುಂಗು ಬೆನ್ನ ಹಿಂದೆ ಹಾರುತ್ತ ಹಿಂದಿನ ಗಾಲಿಗೆ ಸಿಕ್ಕರೆ ಕುತ್ತಿಗೆಗೇ ಬರುತ್ತದೆ. ಎರಡೂ ಚುಂಗನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡೇ ಪೆಡಲಿನ ಮೇಲೆ ಕಾಲಿಡಬೇಕು. ಹಳೆಯ ಲೇಡೀಸ್ ಸೈಕಲ್ಲಿನ ಹಿಂದಿನ ಗಾಲಿಗೆ ಜಾಳಿಗೆ ಇರುತ್ತಿದ್ದದ್ದು ಅಲಂಕಾರಕ್ಕಲ್ಲ.

ಬಿಸಿಲಿನ ಸೈಕಲ್ಲಿಗೆ ನಮ್ಮ ದೇಶದಲ್ಲಿ ಒಂದು ದೊಡ್ಡ ಕಥೆಯೇ ಇದೆ. 1923ರ ಅಕ್ಟೋಬರಿನಲ್ಲಿ ಮುಂಬೈಯಿಂದ ಆರು ಜನ ಪಾರ್ಸಿ ತರುಣರು ಸೈಕಲ್ಲಿನ ಮೇಲೆ ಜಗತ್ತು ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಎಂಬ ಮೂವರು 1928ರ ಮಾರ್ಚಿನಲ್ಲಿ ಸುತ್ತು ಮುಗಿಸಿ ಬಂದರು. ಇರಾನ್, ಇರಾಕ್‌ಗಳ ಮರಳುಗಾಡನ್ನು ಅವರು ದಾಟಿದ್ದು ಇದೇ ಎರಡು ಗಾಲಿಯ ಮೇಲೆ. ಆಗ ನಾವೂ ಮುಂಬೈ ಪ್ರಾಂತದವರೇ. ಹಿರಿಯರಿಗೆ ಈ ಕಥೆ ಹೇಳಿದ್ದರೆ "ಅವರು ಗಂಡಸರು" ಎನ್ನುತ್ತಿದ್ದರು. ಬಿಸಿಲಿಗೆ ಗಂಡು ಹೆಣ್ಣು ಎಂಬುದು ಗೊತ್ತಿಲ್ಲ. ನೀರು ಗೊತ್ತು, ನೆರಳು ಗೊತ್ತು, ಹೊತ್ತು ಗೊತ್ತು.

ಮೈಯೂ ಒಂದು ತತ್ರಾಣಿಯೇ ಎಂದು ನನಗೆ ಆಮೇಲೆ ತಿಳಿಯಿತು. ಪೆಡಲ್ ತುಳಿಯುವಾಗ ನಾವು ಉಂಡ ರೊಟ್ಟಿಯ ಶಕ್ತಿಯಲ್ಲಿ ಸುಮಾರು ಕಾಲು ಭಾಗವಷ್ಟೇ ಗಾಲಿಗೆ ಹೋಗುತ್ತದೆ. ಉಳಿದ ಮುಕ್ಕಾಲು ಭಾಗ ಕಾವಾಗಿ ಮೈಯಲ್ಲೇ ಉಳಿಯುತ್ತದೆ. ಅದನ್ನು ಹೊರಗೆ ಹಾಕುವುದು ಬೆವರು. ಒಂದು ಲೀಟರ್ ಬೆವರು ಆರುವಾಗ ಸುಮಾರು 580 ಕಿಲೋಕ್ಯಾಲೊರಿ ಕಾವನ್ನು ಎತ್ತಿಕೊಂಡು ಹೋಗುತ್ತದೆ. ಮಣ್ಣಿನ ಪಾತ್ರೆಯ ಹೊರಮೈಯಲ್ಲಿ ಜಿನುಗಿದ ನೀರು ಆರಿ ಒಳಗಿನ ನೀರು ತಣ್ಣಗಾಗುವುದೂ ಹೀಗೆಯೇ. ಸೈಕಲ್ಲು ತಾಸಿಗೆ 15 ಕಿಲೋಮೀಟರ್ ಓಡಿದರೆ ಅಷ್ಟೇ ವೇಗದ ಗಾಳಿ ಮೈಗೆ ಬೀಸುತ್ತದೆ, ಬೆವರು ಬಂದದ್ದೇ ತಿಳಿಯದಂತೆ ಆರಿಹೋಗುತ್ತದೆ. ಅಲ್ಲಿಯೇ ಮೋಸ. ಓಡುವಾಗ ಹಾಯಾಗಿದ್ದು ನಿಂತಕೂಡಲೇ ಗಾಳಿಯೂ ನಿಂತು ಮೈ ಧಗ್ಗೆನ್ನುತ್ತದೆ, ತಲೆ ತಿರುಗುತ್ತದೆ. ಬಿಸಿಲಿನಲ್ಲಿ ಬಂದವರು ಮನೆಯ ಬಾಗಿಲಿನಲ್ಲೇ ಬೀಳುವುದು ಇದಕ್ಕೆ. ಕೊನೆಯ ಅರ್ಧ ಮೈಲು ನಿಧಾನ ತುಳಿದು, ನೆರಳಿನಲ್ಲಿ ಇಳಿದು, ಆಮೇಲೆ ಕೂರಬೇಕು. ಮತ್ತೆ, ಒಳಗೆ ನೀರೇ ಇಲ್ಲದ ತತ್ರಾಣಿ ಜಿನುಗುವುದು ಹೇಗೆ? ಬಾಯಾರಿದ ಮೇಲೆ ಕುಡಿಯುತ್ತೇನೆ ಎನ್ನುವುದು ತಡವಾದ ಲೆಕ್ಕ. ಹೊರಡುವ ಮುಂಚೆಯೇ ಎರಡು ಲೋಟ, ದಾರಿಯಲ್ಲಿ ಆಗಾಗ ಒಂದೆರಡು ಗುಟುಕು.

ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಅದಕ್ಕೇ ನಮ್ಮ ಅವ್ವ ಬೇಸಿಗೆಯಲ್ಲಿ ಜೋಳದ ಅಂಬಲಿಗೆ ಮಜ್ಜಿಗೆ ಬೆರೆಸಿ, ಉಪ್ಪು ಹಾಕಿ, ಉಳ್ಳಾಗಡ್ಡಿ ಹೆಚ್ಚಿ ಕೊಡುತ್ತಿದ್ದದ್ದು. ಬಿಸಿಲು ಬಡಿಯಬಾರದೆಂದು ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳುವ ರೂಢಿಯೂ ಇದೆ. ಕಿಸೆಯಲ್ಲಿದ್ದರೆ ಅದು ಏನೂ ಮಾಡದು, ಅಂಬಲಿಯಲ್ಲಿದ್ದರೆ ರುಚಿ. (ಗೋಕಾಕದ ಕರದಂಟು ನಮ್ಮ ಹೆಮ್ಮೆ ನಿಜ, ಆದರೆ ಬೇಸಿಗೆಯ ಸೈಕಲ್ ದಾರಿಗೆ ಅದನ್ನು ಕಟ್ಟಿಕೊಡಬೇಡಿ, ತಿಂದವರಿಗೆ ಕೆರೆಯೇ ಬೇಕಾಗುತ್ತದೆ.) ಸಕ್ಕರೆ, ಉಪ್ಪು, ನೀರಿನ ಜೋಡಿ ಎಂಥದೆಂದು ಲೋಕಕ್ಕೆ ತಿಳಿದದ್ದು 1971ರಲ್ಲಿ. ಬಾಂಗ್ಲಾದೇಶದ ಯುದ್ಧದಲ್ಲಿ ಓಡಿಬಂದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ಸಲೈನು ಮುಗಿದುಹೋದಾಗ, ಬಂಗಾಳದ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಈ ನೀರನ್ನೇ ಡ್ರಮ್ಮುಗಳಲ್ಲಿ ಕಲಸಿ ಕುಡಿಸಿ ಸಾವಿರಾರು ಜೀವ ಉಳಿಸಿದರು. ಈಗ ಅದೇ ಓ.ಆರ್.ಎಸ್. ಪುಡಿಯಾಗಿ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆ. ಪುಡಿ ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು.

ಇನ್ನು ದಾರಿ. ಅಶೋಕ ಚಕ್ರವರ್ತಿ ರಸ್ತೆಯ ಬದಿಗೆ ಆಲದ ಮರ ಹಚ್ಚಿಸಿ, ಬಾವಿ ತೋಡಿಸಿದ್ದನ್ನು ಕಲ್ಲಿನ ಮೇಲೆ ಬರೆಸಿದ. ನಮ್ಮ ಹಿರಿಯರು ಬೇಸಿಗೆ ಬಂತೆಂದರೆ ದಾರಿಗೆ ಅರವಟ್ಟಿಗೆ ಇಡುತ್ತಿದ್ದರು. ಎರೆಭೂಮಿಯ ರಸ್ತೆಗಳಲ್ಲಿ ಮರ ಮೊದಲೇ ಕಡಿಮೆ; ರಸ್ತೆ ಅಗಲವಾದಾಗ ಇದ್ದ ಹುಣಸೆ, ಬೇವುಗಳೂ ಹೋದವು. ಉಳಿದ ತಂಪೆಂದರೆ ಕಾಲುವೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಧೂಪದಾಳದಲ್ಲಿ ಒಡ್ಡು ಕಟ್ಟಿ ಕಾಲುವೆ ತೆಗೆದರು, ಮುಂದೆ ಹಿಡಕಲ್ ಜಲಾಶಯ ಬಂತು. ನೀರು ಬಿಟ್ಟಾಗ ಕಾಲುವೆಯ ಏರಿಯ ಮೇಲೆ, ಕಬ್ಬಿನ ಹೊಲಗಳ ನಡುವೆ ಸೈಕಲ್ ಹೊಡೆಯುವ ಸುಖವೇ ಬೇರೆ. ಆದರೆ ಬೆವತ ಮಕ್ಕಳು ಮುಖ ತೊಳೆಯಲು ಆ ಜಾರುವ ಕಟ್ಟೆಗೆ ಇಳಿಯುತ್ತಾರೆ. ಈಜು ಬಾರದ ಹುಡುಗಿಯರಿಗೆ ಇದನ್ನು ಗದರಿಸಿಯೇ ಹೇಳಬೇಕು.

ನಮ್ಮೂರ ಸೈಕಲ್ ಅಂಗಡಿಯವರೊಬ್ಬರ ಬುದ್ಧಿಯನ್ನೂ ಇಲ್ಲಿ ಸೇರಿಸುತ್ತೇನೆ: "ಅಕ್ಕಾರ, ಬ್ಯಾಸಗ್ಯಾಗ ಗಾಳಿ ಒಂದೀಟ ಕಡಿಮಿ ಹೊಡಸ್ರಿ, ಬಿಸಲಾಗ ನಿಲ್ಲಸಬ್ಯಾಡ್ರಿ." ಕಾದ ರಸ್ತೆಯ ಮೇಲೆ ಟ್ಯೂಬಿನೊಳಗಿನ ಗಾಳಿ ಹಿಗ್ಗುತ್ತದೆ, ಹಳೆಯ ಪಂಕ್ಚರ್ ತೇಪೆಯ ಅಂಟು ಬಿಡುತ್ತದೆ. ಮಧ್ಯಾಹ್ನ ಎರಡಕ್ಕೆ ನಿರ್ಜನ ರಸ್ತೆಯಲ್ಲಿ ಗಾಳಿ ಹೋದ ಸೈಕಲ್ಲು ನೂಕುತ್ತ ನಡೆಯುವ ಹುಡುಗಿಯ ಪಾಡು ನೆನೆದರೆ ಇದು ಸಣ್ಣ ಮಾತಲ್ಲ.

ಹೆಣ್ಣುಮಕ್ಕಳ ಸೈಕಲ್ಲಿನ ಚರಿತ್ರೆಗೆ ದೊಡ್ಡ ತಿರುವು ಬಂದದ್ದು ತಮಿಳುನಾಡಿನ ಪುದುಕ್ಕೋಟೆಯಲ್ಲಿ. ಅದೂ ನಮ್ಮಂತೆಯೇ ಬಿಸಿಲಿನ ಜಿಲ್ಲೆ. 1991ರ ಸಾಕ್ಷರತಾ ಆಂದೋಲನದಲ್ಲಿ ಜಿಲ್ಲಾಧಿಕಾರಿಯಾಗಿದ್ದ ಶೀಲಾ ರಾಣಿ ಚುಂಕತ್ ಅಕ್ಷರದ ಜೊತೆ ಸೈಕಲ್ಲನ್ನೂ ಕಲಿಸಹಚ್ಚಿದರು. ಕಲ್ಲು ಒಡೆಯುವ, ಕೂಲಿ ಮಾಡುವ ಸಾವಿರಾರು ಹೆಂಗಸರು ಕಲಿತರು. ಗಂಡಸರ ಸೈಕಲ್ಲೇ ವಾಸಿ ಎಂದವರೂ ಅವರಲ್ಲಿದ್ದರು. ಮುಂದಿನ ದಂಡಿಗೆಯ ಮೇಲೆ ಕೂಸನ್ನು ಕೂರಿಸಬಹುದಲ್ಲ! ಆಮೇಲೆ 2006-07ರಲ್ಲಿ ನಮ್ಮ ಸರಕಾರ 8ನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ಅದೇ ಸುಮಾರಿಗೆ ಬಿಹಾರವೂ ಹುಡುಗಿಯರಿಗೆ ಸೈಕಲ್ ಕೊಟ್ಟಿತು. ಅಲ್ಲಿ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಪ್ರೌಢಶಾಲೆ ಸೇರುವ ಹುಡುಗಿಯರ ಸಂಖ್ಯೆ ಸೈಕಲ್ಲಿನಿಂದ ಸುಮಾರು ಶೇ. 32ರಷ್ಟು ಏರಿತ್ತು. ನಮ್ಮಲ್ಲಿಯೂ ಮುಂಜಾನೆ ಒಂಬತ್ತೂವರೆಗೆ ಸೈಕಲ್ಲುಗಳ ಸಾಲು ಹೊರಟರೆ ಹಕ್ಕಿಯ ಹಿಂಡು ಎದ್ದಂತಿರುತ್ತಿತ್ತು. ಕೋವಿಡ್ ವರ್ಷದಿಂದ ಆ ಹಂಚಿಕೆ ನಿಂತಿತು.

ನಮ್ಮ ತಂಗಿಯ ಮೊಮ್ಮಗಳಿಗೂ ಅಂಥದೊಂದು ಸೈಕಲ್ ಸಿಕ್ಕಿತ್ತು. 2019ರ ಮಾರ್ಚ್ ಕೊನೆ, 9ನೆಯ ಇಯತ್ತೆಯ ಪರೀಕ್ಷೆ. ಮಧ್ಯಾಹ್ನ ಪೇಪರು ಬರೆದು ನಾಲ್ಕು ಮೈಲು ತುಳಿದು ಬಂದವಳು ಅಂಗಳದಲ್ಲಿ ಸೈಕಲ್ಲಿನ ಸಮೇತ ಬಿದ್ದಳು. ಮೈ ಮುಟ್ಟಿದರೆ ಹಂಚಿನಂತೆ ಸುಡುತ್ತಿತ್ತು. ಕರೆದರೆ ಏನೇನೋ ತೊದಲುತ್ತಿದ್ದಳು. ಯಾರೋ ಬಾಯಿಗೆ ನೀರು ಹಾಕಲು ಬಂದರು, ನಾನು ಬಿಡಲಿಲ್ಲ. ಎಚ್ಚರ ಸರಿಯಿಲ್ಲದವರ ಬಾಯಿಗೆ ಹಾಕಿದ ನೀರು ಶ್ವಾಸಕ್ಕೆ ಹೋಗುತ್ತದೆ. ನೆರಳಿಗೆ ಎತ್ತಿ, ಬಟ್ಟೆ ಸಡಿಲಿಸಿ, ಕೊಡದ ನೀರನ್ನೆಲ್ಲ ಮೈಮೇಲೆ ಸುರಿದು, ಮೊರದಿಂದ ಗಾಳಿ ಬೀಸಿದೆವು. ಕಂಕುಳಿಗೆ, ಕುತ್ತಿಗೆಗೆ ತಣ್ಣೀರ ಬಟ್ಟೆ ಇಟ್ಟೆವು. 108ಕ್ಕೆ ಫೋನು ಮಾಡಿದೆವು. ಮೈಯ ಒಳಗಿನ ಕಾವು 40 ಡಿಗ್ರಿ ದಾಟಿ ಬುದ್ಧಿ ಮಬ್ಬಾದರೆ ಅದು ಬರಿಯ ಆಯಾಸವಲ್ಲ, ಬಿಸಿಲಿನ ಹೊಡೆತ; ಪ್ರತಿ ನಿಮಿಷಕ್ಕೂ ಬೆಲೆಯುಂಟು. ಆಂಬುಲೆನ್ಸ್ ಬರುವಷ್ಟರಲ್ಲಿ ಕಣ್ಣು ತೆರೆದಳು. ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು.

ಮನೆಯವರೆಲ್ಲ ಒಂದೇ ಮಾತು: ಸೈಕಲ್ಲು ಸಾಕು, ಬೇಕಾದರೆ ಸಾಲಿಯೂ ಸಾಕು. ಅತ್ತಿ ತೀರಿಹೋಗಿ ಇಪ್ಪತ್ತು ವರ್ಷವಾಗಿದ್ದರೂ ಅವಳ ದನಿಯೇ ಕೇಳಿದಂತಾಯಿತು. ನಾನು ಹುಡುಗಿಯ ಪಕ್ಕ ಕೂತು ಮೆಲ್ಲಗೆ ಕೇಳಿದೆ, "ಮುಂಜಾನಿಂದ ಎಷ್ಟ ನೀರ ಕುಡದಿದ್ದೆವ್ವಾ?" ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: "ಕುಡದಿಲ್ಲ ಆಯಿ. ಕುಡದ್ರ ಹೋಗಬೇಕಾಗ್ತೈತಿ. ಸಾಲ್ಯಾಗ ಕೀಲಿ ಹಾಕಿರ್ತಾರ." ಅವಳೊಬ್ಬಳೇ ಅಲ್ಲ, ಅವಳ ಓರಗೆಯ ಹುಡುಗಿಯರೆಲ್ಲ ಮುಂಜಾನೆ ಮನೆ ಬಿಟ್ಟರೆ ಸಂಜೆಯವರೆಗೆ ನೀರು ಮುಟ್ಟುತ್ತಿರಲಿಲ್ಲ. ಮುಟ್ಟಿನ ದಿನಗಳಲ್ಲಂತೂ ಹೇಳುವುದೇ ಬೇಡ. ಶೌಚಾಲಯವಿತ್ತು, ಸುಣ್ಣ ಬಣ್ಣವೂ ಆಗಿತ್ತು. ಹೊಲಸಾಗುತ್ತದೆಂದು ಕೀಲಿ ಹಾಕಿ ಕೀಲಿಕೈಯನ್ನು ಕಚೇರಿಯಲ್ಲಿ ಇಟ್ಟಿದ್ದರು. ಹದಿನಾಲ್ಕು ವರ್ಷದ ಹುಡುಗಿ ಗಂಡಸರು ಕೂತ ಕೋಣೆಗೆ ಹೋಗಿ ಆ ಕೀಲಿಕೈ ಕೇಳುತ್ತಾಳೆಯೆ? ಓದುವ ಸಹೋದರಿಯರೇ, ನಿಮ್ಮ ಮನೆಯ ಹುಡುಗಿಯನ್ನೂ ಒಮ್ಮೆ ಕೇಳಿ ನೋಡಿ. ಟೊಪ್ಪಿಗೆ, ತಣ್ಣೀರಿನ ಬಾಟಲಿ, ನಿಂಬೆಹಣ್ಣಿನ ಪಾನಕ ಎಲ್ಲವನ್ನೂ ಕೊಟ್ಟು ಕಳಿಸುತ್ತೇವೆ; ಬಾಟಲಿ ಸಂಜೆ ತುಂಬಿದ್ದು ತುಂಬಿದಂತೆಯೇ ಮರಳಿ ಬರುತ್ತದೆ.

ಜೂನಿನಲ್ಲಿ ಸಾಲಿ ತೆರೆದಾಗ ನಾವು ಎಂಟು ಹತ್ತು ಜನ ತಾಯಂದಿರು, ಆಯಿಯರು ಕೂಡಿ ಹೋದೆವು. ಜಗಳವಾಡಲು ಹೋಗಿರಲಿಲ್ಲ, ಆದರೂ ಸ್ವಲ್ಪ ಆಯಿತು. ನೀರು ಹಾಕಿ ತೊಳೆಯುವವರು ಯಾರು, ಫಿನಾಯಿಲಿಗೆ ದುಡ್ಡು ಎಲ್ಲಿಯದು ಎಂಬ ಪ್ರಶ್ನೆಗಳು ಬಂದವು. ಪ್ರಶ್ನೆಗಳು ಸುಳ್ಳೇನಲ್ಲ. ಮೇಲುಸ್ತುವಾರಿ ಸಮಿತಿಯಲ್ಲಿ ಮೂರು ಸಭೆಯಾದ ಮೇಲೆ ಒಬ್ಬ ಹೆಂಗಸನ್ನು ದಿನಕ್ಕೆ ಎರಡು ಸಲ ತೊಳೆಯಲು ಗೊತ್ತುಮಾಡಿ, ಅವಳ ಸಂಬಳಕ್ಕೆ ಊರವರು ವಂತಿಗೆ ಹಾಕಿದರು. ಕೀಲಿಕೈ ಕಚೇರಿಯಿಂದ ಹೊರಬಂದು ಹುಡುಗಿಯರ ಕೋಣೆಯ ಬಾಗಿಲ ಹಿಂದಿನ ಮೊಳೆಗೆ ತೂಗಿತು. ಆ ವರ್ಷವೇ ನವೆಂಬರಿನಲ್ಲಿ, ಕೇರಳದ ಶಾಲೆಗಳನ್ನು ನೋಡಿ ನಮ್ಮ ಶಿಕ್ಷಣ ಇಲಾಖೆಯೂ ಮಕ್ಕಳು ನೀರು ಕುಡಿಯಲೆಂದು ಗಂಟೆ ಬಾರಿಸುವ ಕ್ರಮ ತಂದಿತು. ಕೀಲಿ ತೆರೆಯದೆ ಗಂಟೆ ಬಾರಿಸಿದ್ದರೆ ಹುಡುಗರು ಮಾತ್ರ ಕುಡಿಯುತ್ತಿದ್ದರು.

ಹುಡುಗಿ ಸೈಕಲ್ಲು ಬಿಡಲಿಲ್ಲ. ಪರೀಕ್ಷೆಯ ದಿನ ಮುಂಜಾನೆ ಬೇಗ ಹೋಗಿ, ಮಧ್ಯಾಹ್ನ ಸಾಲಿಯ ನೆರಳಿನಲ್ಲೇ ಓದುತ್ತ ಕೂತು, ಬಿಸಿಲು ಇಳಿದ ಮೇಲೆ ಮೂರು ನಾಲ್ಕು ಗೆಳತಿಯರ ಗುಂಪಿನಲ್ಲಿ ಬರುವುದೆಂದು ಅವರವರೇ ಗೊತ್ತುಮಾಡಿಕೊಂಡರು. 2020ರ ಶಿವರಾತ್ರಿಯ ಸುಮಾರಿಗೆ ನಾನು ಆ ಸಾಲಿಗೆ ಹೋದಾಗ ಬಿಸಿಯೂಟದ ಅಡುಗೆಯ ಅಕ್ಕ ನನ್ನನ್ನು ತಡೆದು ನಿಲ್ಲಿಸಿ ದೂರು ಹೇಳಿದಳು: "ನೋಡ್ರಿ ಆಯಿ, ಎರಡ ಹರವಿ ನೀರ ತುಂಬಿಟ್ರ ಹನ್ನೆರಡರೊಳಗ ಖಾಲಿ ಮಾಡ್ತಾವ ಈ ಹುಡುಗ್ಯಾರ. ಇನ್ನೊಂದ ಹರವಿ ಕೊಡಸ್ರಿ."